ಕೆಂಪು ಸ್ಪ್ರಿಂಗಿನ ಕರಕರ

ಮೊದಲು ಆ ಸದ್ದು ಎಂಥದ್ದು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಜಗಳವೆಲ್ಲ ಅದರದ್ದೇ. ಬೀಸುವ ಕಲ್ಲಿಗೆ ಒಂದು ಹಿಡಿ ಹುರುಳಿ ಹಾಕಿ ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿದರೆ ಬರುತ್ತದಲ್ಲ, ಅಂಥ ಕರಕರ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗ ಒಮ್ಮೆ. ಹಂಪ್ ಮೇಲೆ ನಿಧಾನಕ್ಕೆ ಹತ್ತಿ ಇಳಿಯುವಾಗ ಇನ್ನೊಮ್ಮೆ. ಎಡಗಡೆಯ ಮುಂದಿನ ಚಕ್ರದ ಹತ್ತಿರದಿಂದ. ಬೈಪಾಸಿನಲ್ಲಿ ಜೋರಾಗಿ ಹೋದರೆ ಏನೂ ಕೇಳುತ್ತಿರಲಿಲ್ಲ. ಬೇರೆಯವರಿಗೆ ಕೇಳಿಸಬೇಕು ಅಂತ ಪಕ್ಕದಲ್ಲಿ ಕೂರಿಸಿಕೊಂಡರಂತೂ ಎಷ್ಟೋ ಸಲ ಬಾಯಿಗೆ ಬೀಗ. ಕಾರಿನ ಮಾಲೀಕನನ್ನೇ ಸುಳ್ಳುಗಾರನನ್ನಾಗಿ ಮಾಡುವ ಸದ್ದು.

ಕಾರು ಹಳೆಯದು. ನನ್ನ ಕೈಗೆ ಬರುವ ಮೊದಲೇ ತಗ್ಗಿಸಿದ ಕಾರು. ಹಿಂದಿನವನು ಅದರ ಸ್ಪ್ರಿಂಗುಗಳನ್ನೇ ಕಟಿಂಗ್ ಮೆಷಿನ್ನಿನಲ್ಲಿ ಕತ್ತರಿಸಿ ನೆಲಕ್ಕೆ ಇಳಿಸಿದ್ದ. ನಿಂತಾಗ ಬೇಟೆಗೆ ಹೊಂಚು ಹಾಕಿದ ಚಿರತೆ, ಓಡಿದಾಗ ಎತ್ತಿನ ಬಂಡಿ. ಆವರಗೆರೆಯ ನಮ್ಮ ಮನೆಯಿಂದ ಎಂ.ಸಿ.ಸಿ. ಬಡಾವಣೆಯ ಟ್ಯೂಶನ್ ಸೆಂಟರಿಗೆ ಪಾಠ ಮಾಡಲು ಹೋಗುವಷ್ಟರಲ್ಲಿ ಬೆಳಗಿನ ದೋಸೆ ಗಂಟಲಿಗೆ ಬಂದಿರುತ್ತಿತ್ತು. ಕತ್ತರಿಸಿದ ಸ್ಪ್ರಿಂಗ್ ಯಾವತ್ತಾದರೂ ಜಾಗ ಬಿಟ್ಟು ಹಾರುತ್ತದೆ, ತಗ್ಗು ಕಾರಿಗೆ ಅಂತಲೇ ಮಾಡಿದ ಹೊಸ ಸಸ್ಪೆನ್ಶನ್ ಸೆಟ್ ಹಾಕಿಸು ಅಂತ ನನ್ನ ಹಿಂದೆ ಬಿದ್ದವನು ನನ್ನ ಗೆಳೆಯ. ಹಾಕಿದವನೂ ಅವನೇ.

ಗೆಳೆಯ ಅಂದರೆ ಹೈಸ್ಕೂಲಿನಿಂದ ಒಂದೇ ಬೆಂಚು. ನಾನು ಚರ್ಚಾಸ್ಪರ್ಧೆಗಳಲ್ಲಿ ಮೈಕು ಹಿಡಿದು ಪರವೋ ವಿರೋಧವೋ ಕೂಗುತ್ತಿದ್ದಾಗ ಅವನು ಸಭಾಂಗಣದ ಹಿಂದೆ ಆ ಮೈಕಿನ ವೈರು ಸರಿಮಾಡುತ್ತಿದ್ದ. ಆಮೇಲೆ ಬೇರೆಯವರ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿ, ಈಗ ಹರಿಹರದಲ್ಲಿ, ಮಲೆಬೆನ್ನೂರಿನ ಕಡೆ ಹೋಗುವ ರಸ್ತೆಗೆ, ಸ್ವಂತದ್ದೊಂದು ಶೆಡ್ಡು ಹಾಕಿಕೊಂಡಿದ್ದ. ತಗ್ಗಿಸಿದ ಕಾರುಗಳ ಕೆಲಸ ಮಾಡಬೇಕು ಅನ್ನೋದು ಅವನ ಹಂಬಲ. ಶೆಡ್ಡಿಗೆ ಬರುತ್ತಿದ್ದದ್ದು ಭತ್ತದ ಗದ್ದೆಯ ಕೆಸರು ಮೆತ್ತಿಕೊಂಡ ಟ್ರ್ಯಾಕ್ಟರುಗಳು ಮತ್ತು ಗೂಡ್ಸ್ ಆಟೋಗಳು. ಅಂಥ ಕಾರೆಂದು ಅವನ ಕೈಗೆ ಸಿಕ್ಕ ಮೊದಲನೆಯದು ನನ್ನದು.

ಹೊಸ ಸೆಟ್ಟಿನ ಸ್ಪ್ರಿಂಗುಗಳು ಕುಂಕುಮದಷ್ಟು ಕೆಂಪು. ಕೂರಿಸಿ ಮುಗಿಸಿದ ದಿನ ಅವನು ಚಕ್ರದ ಕಮಾನಿನೊಳಗೆ ಟಾರ್ಚ್ ಬಿಟ್ಟು, "ಲೇ, ಇದೇ ನನ್ನ ಬೋರ್ಡು ಕಣಲೇ. ನಿನ್ನ ಗಾಡಿ ಊರಾಗ ಸುಮ್ನೆ ಓಡಾಡಿದ್ರೆ ಸಾಕು, ಉಳಿದಿದ್ದು ತಾನಾಗೇ ಬರ್ತತೆ" ಅಂದಿದ್ದ.

ಅದು ಸುಳ್ಳಲ್ಲ. ದಾವಣಗೆರೆಯಲ್ಲಿ ತಗ್ಗಿಸಿದ ಕಾರುಗಳ ಹುಡುಗರದ್ದೊಂದು ಗುಂಪಿದೆ. ಭಾನುವಾರ ಬೆಳಿಗ್ಗೆ ಹರಿಹರದ ರಸ್ತೆಯ ಟೀ ಅಂಗಡಿಯೊಂದರ ಮುಂದೆ ಸೇರುತ್ತಾರೆ, ಒಬ್ಬರ ಕಾರಿನ ಹೊಟ್ಟೆಯೊಳಗೆ ಇನ್ನೊಬ್ಬರು ಇಣುಕುತ್ತಾರೆ, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾರೆ. ಅವರಿಗೆ ಬಿಳಿ ಕಾರಿನವನೊಬ್ಬ ಹಿರಿಯಣ್ಣನಿದ್ದಂತೆ. ಅವನು ಒಬ್ಬರ ಕೆಲಸ ಚೆನ್ನಾಗಿದೆ ಅಂದರೆ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಮೂಗು ಮುರಿದರೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ನನ್ನ ಗೆಳೆಯನ ಬಗ್ಗೆ ಅವನು ಮೊದಲೇ ಒಂದು ಮಾತು ಒಗೆದಿದ್ದ: "ಟ್ರ್ಯಾಕ್ಟರ್ ಮೇಸ್ತ್ರಿ ಕೈಗೆ ಯಾರಪ್ಪ ಕಾರು ಕೊಡ್ತಾರೆ?" ಅದಕ್ಕೆ ನಡೆದಾಡುವ ಉತ್ತರ ನನ್ನ ಕಾರು. ಆ ಉತ್ತರ ಈಗ ಕರಕರ ಅನ್ನುತ್ತಿತ್ತು.

ಸೆಟ್ ಹಾಕಿಸಿ ಒಂದು ವಾರ ಏನೂ ಇರಲಿಲ್ಲ. ನಮ್ಮ ಬೀದಿಯವರೆಲ್ಲ ಬಂದು ಕುಕ್ಕರುಗಾಲಲ್ಲಿ ಕೂತು ಕೆಂಪು ಸ್ಪ್ರಿಂಗ್ ನೋಡಿದರು. ಎದುರು ಮನೆಯವರು ದಿನಾ ನೋಡಿದರು. ಅಮ್ಮ ಬಾಗಿಲಲ್ಲಿ ನಿಂತು ನೋಡುವವರನ್ನು ನೋಡಿದಳು.

ಅಮ್ಮನಿಗೂ ನನಗೂ ಕಾರಿನ ವಿಷಯದಲ್ಲಿ ಮೊದಲೇ ಒಂದು ವಾದ ಆಗಿ ಮುಗಿದಿತ್ತು. ಕಾರು ಮನೆಗೆ ಬಂದ ದಿನವೇ ಅವಳು ಮುಂದಿನ ಬಂಪರಿಗೆ ದೃಷ್ಟಿಯ ಗಂಟು ಕಟ್ಟಿದ್ದಳು: ಕರಿ ಬಟ್ಟೆಯಲ್ಲಿ ಸುತ್ತಿದ ಪಟಿಕದ ಕಲ್ಲು, ಅಂದರೆ ಕಟಿಂಗ್ ಶಾಪಿನಲ್ಲಿ ಗಡ್ಡ ಬೋಳಿಸಿದ ಮೇಲೆ ಕೆನ್ನೆಗೆ ಉಜ್ಜುತ್ತಾರಲ್ಲ ಅದೇ ಬಿಳಿ ಕಲ್ಲು, ಜೊತೆಗೊಂದು ಕವಡೆ, ಸುತ್ತ ಕರಿ ದಾರ. ನಾನು ಅದನ್ನು ಕತ್ತರಿಸಿ ಎಸೆದೆ. ಸುಮ್ಮನೆ ಎಸೆಯಲಿಲ್ಲ, ಕಾರಣ ಸಮೇತ ಎಸೆದೆ. ಕಣ್ಣಿನಿಂದ ಹೊರಡುವ ಯಾವ ವಸ್ತು ಕಬ್ಬಿಣಕ್ಕೆ ತಾಗುತ್ತದೆ, ತಾಗುವುದಾದರೆ ಹಿಂದಿನ ಬಂಪರಿಗೆ ಯಾಕೆ ತಾಗುವುದಿಲ್ಲ ಅಂತೆಲ್ಲ ಕೇಳಿದೆ. ಅವಳು, "ಆತಪ್ಪ, ನೀನೇ ಗೆದ್ದೆ ಬಿಡು" ಅಂದು ಒಳಗೆ ಹೋದಳು. ಎದುರಾಳಿ ಒಪ್ಪಿಕೊಂಡ ಮೇಲೆ ವಾದ ಮುಗಿಯಿತು ಅಂತಲೇ ನಮಗೆ ಕಲಿಸಿದ್ದು.

ಕರಕರ ಶುರುವಾದ ಮೇಲೆ ಹರಿಹರಕ್ಕೆ ಹೋದೆ. ಗೆಳೆಯ ಪಕ್ಕದಲ್ಲಿ ಕೂತು ಶೆಡ್ಡಿನ ಮುಂದಿನ ಹಂಪನ್ನು ಹತ್ತಿಸಿದ, ಇಳಿಸಿದ. ಆ ದಿನ ಸದ್ದು ಪುಣ್ಯಕ್ಕೆ ಮಾತಾಡಿತು.

"ಐತೆ" ಅಂದ. ಅವನ ಮುಖ ಚಿಕ್ಕದಾಯಿತು. ಆದರೆ ಬಾಯಿ ಚಿಕ್ಕದಾಗುವ ಆಸಾಮಿ ಅವನಲ್ಲ. "ಇದು ಸಸ್ಪೆನ್ಶನ್ ಸದ್ದಲ್ಲ ಬಿಡು. ಬ್ರೇಕ್ ಡಿಸ್ಕಿನ ಹಿಂದೆ ಒಂದು ತಗಡು ಇರ್ತತೆ, ಧೂಳು ತಡಿಯಕ್ಕೆ. ಕೆಲ್ಸ ಮಾಡೋವಾಗ ಒಂಚೂರು ಬಾಗಿರ್ತತೆ, ಡಿಸ್ಕಿಗೆ ಉಜ್ತತೆ. ಎಲ್ಲಾ ಗಾಡಿಗೂ ಆಗೋದೇ."

"ಡಿಸ್ಕಿಗೆ ಉಜ್ಜೋದಾದ್ರೆ ಚಕ್ರ ತಿರುಗಿದಷ್ಟು ಹೊತ್ತೂ ಬರಬೇಕು. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದ್ರೆ ಯಾಕೆ ಬರ್ತದೆ?"

"ಏನಲೇ, ಇಲ್ಲೂ ಡಿಬೇಟಾ? ಗಂಟೆ ಹೊಡಿಯೋರು ಯಾರೂ ಇಲ್ಲ, ಸುಮ್ನೆ ಕೂಡು."

ತಗಡು ಬಾಗಿಸಿದ. ಆಮೇಲೆ ಪ್ರೆಶರ್ ನೀರು ಬಿಟ್ಟು ಚಕ್ರದ ಕಮಾನಿನೊಳಗೆಲ್ಲ ಚೆನ್ನಾಗಿ ತೊಳೆದ. ಸದ್ದು ಹೋಯಿತು. "ನೋಡ್ದ್ಯಾ?" ಅಂದ. ನೋಡಿದೆ. ಆದರೆ ನನ್ನ ಪ್ರಶ್ನೆಗೆ ಉತ್ತರ ಬಂದಿರಲಿಲ್ಲ. ಕಾಯಿಲೆ ಹೋಯಿತು, ಕಾರಣ ಸಿಗಲಿಲ್ಲ ಅಂದರೆ ನನಗೆ ಅದು ವಾಸಿಯಲ್ಲ, ಮುಚ್ಚಿಟ್ಟದ್ದು.

ಮುಚ್ಚಿಟ್ಟದ್ದು ಕೆಲವು ವಾರ ಆದ ಮೇಲೆ ಎದ್ದಿತು. ಅದೇ ಎಡಗಡೆ, ಅದೇ ಕರಕರ.

ಈಗ ನನ್ನ ತಲೆ ಓಡತೊಡಗಿತು, ಓಡಿದ್ದೆಲ್ಲ ಹರಿಹರದ ಕಡೆಗೇ. ಸೆಟ್ಟಿನ ಡಬ್ಬಿಯನ್ನು ನಾನು ಬರುವ ಮೊದಲೇ ಅವನು ಯಾಕೆ ಒಡೆದಿದ್ದ? ಬಲಗಡೆಯ ಸ್ಪ್ರಿಂಗಿನ ಕೆಂಪು ಎಡಗಡೆಯದಕ್ಕಿಂತ ಒಂದು ಬಣ್ಣ ಹೆಚ್ಚು ಅಲ್ಲವೇ? ಯಾವುದೋ ಹಳೆಯ ಸ್ಪ್ರಿಂಗಿಗೆ ಬಣ್ಣ ಹೊಡೆದು ಹಾಕಿದ್ದರೆ? ಒಂದು ಬೆಳಿಗ್ಗೆ ಮೊಬೈಲಿನ ಟಾರ್ಚ್ ಬಿಟ್ಟು ನೋಡಿದಾಗ ಎಡಗಡೆಯ ಸ್ಪ್ರಿಂಗಿನ ಕೆಳಗೆ ಕೆಸರಿನ ನಡುವೆ ಬಿಳಿ ಪುಡಿಯಂಥದ್ದು ಕಂಡಿತು. ಸಿಕ್ಕಿಬಿದ್ದ ಅಂದುಕೊಂಡೆ. ಲೋಹ ಸವೆದು ಉದುರುತ್ತಿದೆ; ಒಳಗೆ ಏನೋ ತೇಯುತ್ತಿದೆ; ನಾನು ಹೋದಾಗ ಅವನು ಗ್ರೀಸು ತುಂಬಿ ಬಾಯಿ ಮುಚ್ಚಿಸಿ ಕಳಿಸಿದ್ದಾನೆ.

ಇಷ್ಟಾದ ಮೇಲೆ ಅವನ ಮಾತು ಕೇಳಿ ಬರುವವನಲ್ಲ ನಾನು. ಟ್ಯೂಶನ್ನಿನ ಚೀಲದಲ್ಲಿ ವೈಟ್‌ನರ್ ಇತ್ತು. ಎಡಗಡೆಯ ಸಸ್ಪೆನ್ಶನ್ನಿನ ಬೋಲ್ಟುಗಳ ತಲೆಯಿಂದ ಪಕ್ಕದ ಲೋಹಕ್ಕೆ ಸೇರುವಂತೆ ಸಣ್ಣ ಸಣ್ಣ ಬಿಳಿ ಗೆರೆ ಎಳೆದೆ. ಬೋಲ್ಟು ತಿರುಗಿದರೆ ಗೆರೆ ಮುರಿಯುತ್ತದೆ. ಎಲ್ಲ ಬಿಚ್ಚಿ ನೋಡಿದೆ ಅಂತ ಹೇಳಿ, ಬಿಚ್ಚದೆ ಇದ್ದರೆ ಗೆರೆ ಹೇಳುತ್ತದೆ.

ಮಾರನೆಯ ದಿನ ಕಾರನ್ನು ಶೆಡ್ಡಿನಲ್ಲಿ ಬಿಟ್ಟು ಊಟ ಮುಗಿಸಿಕೊಂಡು ಬಂದೆ. ಸಸ್ಪೆನ್ಶನ್ ಪೂರ್ತಿ ಹೊರಗೆ ಬಂದು ಬೆಂಚಿನ ಮೇಲೆ ಮಲಗಿತ್ತು. ಗೆಳೆಯ ಅದರ ಪಕ್ಕ ಕೂತಿದ್ದ. ಸ್ಪ್ರಿಂಗಿನ ಸುತ್ತುಗಳಿಗೆಲ್ಲ ಅವನು ನೀಲಿ ಗ್ರೀಸು ಹಚ್ಚುತ್ತಿದ್ದ. ಆ ನೀಲಿ ಅವನ ಹೆಮ್ಮೆ. ಹರಿಹರದಾಗ ಯಾರ ಹತ್ರನೂ ಇಲ್ಲ ಅನ್ನುತ್ತಿದ್ದ.

"ತಳದ ಸುತ್ತಿನಾಗ ಯಾವುದೋ ಚಿಂದಿ ಸಿಕ್ಕೊಂಡಿತ್ತು. ಕೆಸರು, ಮರಳು, ಎಲ್ಲಾ ಅದ್ರಾಗೇ ತುಂಬ್ಕೊಂಡಿತ್ತು. ತೆಗೆದು ಒಗದೆ. ರೋಡಿನಾಗ ಬಿದ್ದಿದ್ದು ಎದ್ದಿರ್ತತೆ."

"ಚಿಂದಿ ಕರಕರ ಅಂತದಾ? ಬಟ್ಟೆಗೆ ಬಟ್ಟೆ ತಿಕ್ಕಿದ್ರೆ ನಿನ್ನ ಕಿವಿಗೆ ಕಲ್ಲು ಬೀಸಿದಂಗೆ ಕೇಳ್ತದಾ?"

ಅವನು ಕೈ ಒರೆಸಿಕೊಂಡು, ಒಂದು ಬೋಲ್ಟನ್ನು ಎತ್ತಿ ನನ್ನ ಮುಂದೆ ಹಿಡಿದ. ತಲೆಯ ಮೇಲೆ ಅರ್ಧ ಬಿಳಿ ಗೆರೆ.

"ಇದೇನು?"

ನಾನು ಟ್ಯೂಶನ್ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದೆ.

"ಪಾರಿವಾಳ ಹೇತಿದ್ದಲ್ಲ ಇದು. ಎಲ್ಲಾ ಬೋಲ್ಟಿಗೂ ಒಂದೇ ಅಳತೆ." ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ನನ್ನ ಮ್ಯಾಲೆ ಕಾವಲು ಹಾಕೀಯೇನು?"

"ನಿನ್ನ ಮೇಲಲ್ಲ, ಕೆಲಸದ ಮೇಲೆ."

"ಎರಡೂ ಬ್ಯಾರೆ ಏನಲೇ ನನಗೆ?"

ಒಳ್ಳೆಯ ಪ್ರಶ್ನೆ. ನನ್ನ ಹತ್ತಿರ ಉತ್ತರ ಇತ್ತು: ಯಾವ ಕೆಲಸವೂ ಮಾಡಿದವನ ಮುಖ ನೋಡಿ ಸರಿಯಾಗುವುದಿಲ್ಲ. ಇವತ್ತಿಗೂ ನನ್ನ ಅಭಿಪ್ರಾಯ ಅದೇ. ಆದರೆ ಆ ಹೊತ್ತಿಗೆ ಅದನ್ನು ಹೇಳುವ ಅಗತ್ಯ ಕಾಣಲಿಲ್ಲ. ಅವನು ಎಲ್ಲ ಜೋಡಿಸಿದ. ಸದ್ದು ಹೋಯಿತು. ಟೀಗೆ ಕರೆಯಲಿಲ್ಲ.

ನಾನು ಗುಂಪಿನ ಹುಡುಗರ ಮುಂದೆ ಬಾಯಿ ಬಿಡದೆ ಇರಬಹುದಿತ್ತು. ಆದರೆ ಎರಡು ಮೂರು ವಾರದ ಮೇಲೆ ಒಂದು ಭಾನುವಾರ ಬಿಳಿ ಕಾರಿನವನು ನೇರವಾಗಿ ಕೇಳಿದ: "ಹೆಂಗೈತಪ್ಪ ನಿನ್ನ ಟ್ರ್ಯಾಕ್ಟರ್ ಸಸ್ಪೆನ್ಶನ್ನು?" ನೇರ ಪ್ರಶ್ನೆಗೆ ನೇರ ಉತ್ತರ ಕೊಟ್ಟೆ. ಸದ್ದು ಬರುತ್ತದೆ, ಅವನು ಸರಿ ಮಾಡುತ್ತಾನೆ, ಮತ್ತೆ ಬರುತ್ತದೆ, ಕಾರಣ ಅವನಿಗೂ ಗೊತ್ತಿಲ್ಲ. ಬಿಳಿ ಕಾರಿನವನು ಟೀ ಲೋಟ ಕೆಳಗಿಟ್ಟು ನಕ್ಕ. "ಬರೋ ಭಾನುವಾರ ಎಲ್ಲಾರೂ ಅಲ್ಲಿಗೇ ಹೋಗೋಣ ನಡೀರಿ. ನಾನೂ ಹೊಸ ಸೆಟ್ ತರಿಸೀನಿ, ಯಾರ ಕೈಗೆ ಕೊಡೋದು ಅಂತ ನೋಡ್ಬೇಕು. ಗಾಡಿ ಸದ್ದು ಮಾಡ್ಲಿಲ್ಲ ಅಂದ್ರೆ ಅವನಿಗೇ ಕೊಡ್ತೀನಿ. ಮಾಡ್ತು ಅಂದ್ರೆ..." ಅಂತ ಕೈ ಒದರಿದ.

ಸುದ್ದಿ ಹರಿಹರಕ್ಕೆ ನನಗಿಂತ ಮೊದಲೇ ತಲುಪಿತ್ತು. ಫೋನಿನಲ್ಲಿ ಗೆಳೆಯ ಹೇಳಿದ್ದು ಇಷ್ಟೇ: "ಕರ್ಕೊಂಡ್ ಬಾ. ಎಲ್ಲಾರ ಎದುರಿಗೇ ಬಿಚ್ತೀನಿ. ಅವತ್ತು ನನ್ನ ಹೆಸರು ಹೋದ್ರೆ ಹೋಗ್ಲಿ, ಮತ್ತೆ ಟ್ರ್ಯಾಕ್ಟರೇ ಬಿಚ್ತೀನಿ. ಆದ್ರೆ ವೈಟ್‌ನರ್ ತರಬ್ಯಾಡ."

ಕೆಲವು ದಿನ ಕಾರು ತಣ್ಣಗಿತ್ತು. ಆಮೇಲೆ ಆ ಭಾನುವಾರದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಗೇಟಿನಿಂದ ಹೊರಗೆ ತೆಗೆಯಲು ಸ್ಟೇರಿಂಗ್ ತಿರುಗಿಸಿದೆ. ಕರಕರ.

ಇಂಜಿನ್ ಆಫ್ ಮಾಡಿ ಕೂತೆ. ಕೋಪ ಬರಲಿಲ್ಲ, ಲೆಕ್ಕ ತಪ್ಪಿದ ಹಾಗಾಯಿತು. ಬೋಲ್ಟುಗಳನ್ನು ಅವನು ನಿಜವಾಗಿಯೂ ಬಿಚ್ಚಿದ್ದ, ಗೆರೆಗಳೇ ಸಾಕ್ಷಿ. ಹರಿಹರದಿಂದ ಬರುವಾಗ ಕಾರು ಪ್ರತಿ ಸಲವೂ ಮೌನವಾಗಿ ಬಂದಿತ್ತು. ನಿನ್ನೆ ಸಂಜೆ ಮನೆ ಮುಂದೆ ನಿಲ್ಲಿಸಿದಾಗಲೂ ಮೌನ. ರಾತ್ರಿಯೆಲ್ಲ ಕದಲದೆ ನಿಂತ ಕಾರು ಬೆಳಿಗ್ಗೆ ಹೇಗೆ ಕೆಡುತ್ತದೆ? ನಡೆಯುವ ಗಾಡಿ ಸವೆಯಬಹುದು, ನಿಂತ ಗಾಡಿ ಸವೆಯುವುದಿಲ್ಲ. ಹಾಗಾದರೆ ಕೆಡುತ್ತಿರುವುದು ಅಲ್ಲಲ್ಲ, ಇಲ್ಲಿ. ಯಾರೋ ಕೆಡಿಸುತ್ತಿದ್ದಾರೆ. ಎದುರು ಮನೆಯ ಗೇಟು ನೋಡಿದೆ. ದಿನಾ ಕುಕ್ಕರುಗಾಲಲ್ಲಿ ಕೂತು ಇಣುಕುವ ಮನುಷ್ಯ. ಅವನಿಗೆ ನನ್ನ ಕಾರಿನ ಮೇಲೆ ಅಷ್ಟು ಪ್ರೀತಿ ಯಾಕೆ?

"ತಿಂಡಿ ಆರ್ತತೆ ಬಾರೋ" ಅಂತ ಅಮ್ಮ ಕರೆದಳು.

ಮಂಡಕ್ಕಿ ಒಗ್ಗರಣೆ. ಅವಳು ತಟ್ಟೆ ಮುಂದಿಟ್ಟು, ಮೇಲೆ ಹುರಿಗಡಲೆ ಪುಡಿ ಉದುರಿಸಿದಳು. ಎದುರು ಮನೆಯವನ ವಿರುದ್ಧ ಮನಸ್ಸಿನಲ್ಲೇ ವಾದ ಕಟ್ಟುತ್ತಿದ್ದ ನನ್ನ ಕಣ್ಣು ಅವಳ ಬಲಗೈ ಬಳೆಗಳ ಮೇಲೆ ನಿಂತಿತು. ಹಸಿರು ಗಾಜಿನ ಬಳೆ. ಅವುಗಳ ಒಳಮೈಗೆ ನೀಲಿ ಅಂಟಿತ್ತು.

ಹರಿಹರದಾಗ ಯಾರ ಹತ್ರನೂ ಇಲ್ಲದ ನೀಲಿ.

"ಅಮ್ಮ, ಕೈಗೆ ಏನದು?"

ಅವಳು ಕೈ ನೋಡಿಕೊಂಡಳು, ಸೆರಗಿಗೆ ಒರೆಸಿದಳು, ಇನ್ನಷ್ಟು ಹರಡಿತು. "ಎಂತದೋ. ಪಾತ್ರೆ ಮಸಿ."

"ಪಾತ್ರೆ ಮಸಿ ನೀಲಿ ಇರ್ತದಾ?"

"ಬಿಸಿ ಆರ್ತತೆ, ತಿನ್ನು."

"ಅಮ್ಮ."

ಅವಳು ನನ್ನ ಎದುರು ಕೂತಳು. ಓಡಿ ಹೋಗಲಿಲ್ಲ. "ನೀನು ಬಂಪರಿಗೆ ಕಟ್ಟಬ್ಯಾಡ ಅಂದಿ. ಬಂಪರಿಗೆ ಕಟ್ಟಿಲ್ಲಪ್ಪ ನಾನು."

"ಮತ್ತೆ ಎಲ್ಲಿ ಕಟ್ಟಿದೀಯ?"

"ಆ ಕೆಂಪು ಸುರುಳಿಗೆ."

ನಾನು ಮಂಡಕ್ಕಿಯ ಚಮಚ ಕೆಳಗಿಟ್ಟೆ.

"ಯಾಕ ಹಂಗ ನೋಡ್ತಿ? ಎಲ್ಲಾರ ಕಣ್ಣೂ ಅದರ ಮ್ಯಾಲೇ ಐತೆ. ಬಂದೋರು ಬಂಪರ್ ನೋಡ್ತಾರೇನು? ಬಗ್ಗಿ ಬಗ್ಗಿ ಅದನ್ನೇ ನೋಡ್ತಾರೆ. ಎದುರು ಮನೆಯೋನಂತೂ ಹಲ್ಲುಜ್ಜೋವಾಗೂ ಅದನ್ನೇ ನೋಡ್ತಾನೆ. ಕಣ್ಣು ಎಲ್ಲಿ ಬೀಳ್ತತೋ ಅಲ್ಲೇ ಕಟ್ಬೇಕು. ನೀನೇ ಕೇಳ್ದೆಲ್ಲ ಅವತ್ತು, ಬಂಪರಿಗೇ ಯಾಕೆ ಅಂತ? ಯೋಚನೆ ಮಾಡ್ದೆ. ನೀನು ಹೇಳಿದ್ದು ಸರಿ ಅನ್ನಿಸ್ತು."

ಪ್ರತಿವಾದಿ ನನ್ನ ವಾದವನ್ನೇ ಎತ್ತಿಕೊಂಡು ನನ್ನ ಮೇಲೆ ಬಂದದ್ದು ಅದೇ ಮೊದಲು. ಎಡಗಡೆಗೇ ಯಾಕೆ ಅಂತ ಕೇಳಿದೆ. ನಮ್ಮ ಗೇಟು ಇಕ್ಕಟ್ಟು. ಸ್ಟೇರಿಂಗ್ ತಿರುಗಿಸಿಯೇ ನಿಲ್ಲಿಸಬೇಕು. ಎಡಗಡೆಯ ಚಕ್ರ ಓರೆಯಾಗಿ ನಿಂತು ಕಮಾನಿನಲ್ಲಿ ಒಂದು ಸಂದಿ ಬಿಡುತ್ತದೆ. ಅವಳ ಕೈ ಸಣ್ಣದು, ಮೊಣಕೈವರೆಗೂ ಹೋಗುತ್ತದಂತೆ. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ, ನಾನು ಏಳುವ ಮೊದಲು, ಹಳೆಯದು ಇದ್ದರೆ ತೆಗೆದು ಹೊಸದು ಕಟ್ಟುವುದು. "ಯಾವ ಸಲವೂ ಹಳೇದು ಇರ್ತಿರ್ಲಿಲ್ಲ. ಯಾರೋ ಕಿತ್ತು ಒಗೀತಿದ್ರು. ಆ ಎದುರು ಮನೆಯೋನೇ ಇರ್ಬೇಕು ಅಂದ್ಕೊಂಡಿದ್ದೆ."

ಅಂದರೆ ಅನುಮಾನದಲ್ಲಿ ಅವಳೂ ನನಗೆ ಕಡಿಮೆಯಿರಲಿಲ್ಲ. ನಾನು ಜನರ ಕೈ ನಂಬುವುದಿಲ್ಲ, ಅವಳು ಜನರ ಕಣ್ಣು ನಂಬುವುದಿಲ್ಲ. ಇಬ್ಬರ ನಡುವೆ ಕಲ್ಲು ಸ್ಪ್ರಿಂಗಿನ ಸುತ್ತುಗಳಲ್ಲಿ ಸಿಕ್ಕು ನುರಿಯುತ್ತಿತ್ತು. ಬಿಳಿ ಪುಡಿ, ಪಟಿಕ. ಚಿಂದಿ, ದೃಷ್ಟಿಯ ಕರಿ ಬಟ್ಟೆ. ನೀರು ಬಿಟ್ಟರೆ ಪಟಿಕ ಕರಗಿ ಹೋಗುತ್ತದೆ, ಬಿಚ್ಚಿದರೆ ಚಿಂದಿ ಬೀಳುತ್ತದೆ, ಸದ್ದು ನಿಲ್ಲುತ್ತದೆ. ಅಮಾವಾಸ್ಯೆಗೆ ಮತ್ತೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಗೆ ಕಪ್ಪು ಚುಕ್ಕಿ ಇರುತ್ತದೆ. ನಾನು ಅದರಲ್ಲಿ ನೋಡುತ್ತಿದ್ದದ್ದು ರಜೆಯ ಕೆಂಪು ಅಕ್ಷರ ಮಾತ್ರ.

ನಾಳೆ ಏನಾಗಲಿದೆ ಅಂತ ಅಮ್ಮನಿಗೆ ಹೇಳಿದೆ. ಅವಳ ಮುಖದ ಬಣ್ಣ ಹೋಯಿತು. ಗೆಳೆಯ ನಮ್ಮ ಮನೆಯ ಊಟ ಉಂಡು ಬೆಳೆದವನು. ಅವನಿಗೆ ಬದನೆಕಾಯಿ ಎಣ್ಣೆಗಾಯಿ ಮಾಡಿದ ದಿನ ಅವಳು ಫೋನ್ ಮಾಡಿ ಕರೆಯುತ್ತಿದ್ದಳು.

"ಈಗ್ಲೇ ಕತ್ತರಿಸಿ ತೆಗೆದುಬಿಡು. ಸದ್ದು ಹೋಗ್ತತಲ್ಲ? ನಾಳೆ ಅವನ ಮರ್ಯಾದೆ ಉಳೀತತೆ. ಮತ್ಯಾಕ ಹೇಳ್ಬೇಕು ಅವನಿಗೆ?"

"ಸದ್ದು ಇಲ್ಲ ಅಂದ್ರೆ ಅವರು ಏನಂತಾರೆ? ಮತ್ತೆ ಗ್ರೀಸ್ ಹಾಕಿ ಮುಚ್ಚಿದಾನೆ, ಮುಂದಿನ ತಿಂಗಳು ಬರ್ತದೆ ಅಂತಾರೆ. ನಾನೇ ಹಂಗೆ ಹೇಳಿದೀನಿ ಅವರ ಮುಂದೆ. ಸದ್ದು ಹೋದ್ರೆ ಸಾಲದು, ಯಾಕೆ ಬರ್ತಿತ್ತು ಅಂತ ಗೊತ್ತಾಗಬೇಕು."

"ನಾನು ಕಟ್ಟಿದ್ದು ಅಂತ ಗೊತ್ತಾದ್ರೆ ಆ ಹುಡುಗ ಏನ್ ತಿಳ್ಕೊಂತಾನೆ? ಅವನ ಕಣ್ಣಿಗೇ ಕಟ್ಟಿದ್ದು ಅಂದ್ಕೊಂತಾನೆ. ಅವನ ಕೈಕೆಲಸಕ್ಕೆ ನಾನು ದೃಷ್ಟಿ ಗಂಟು ಕಟ್ಟಿದ್ರೆ ಏನರ್ಥ?"

"ಏನರ್ಥ? ಯಾರ ಕಣ್ಣು ಅಂತ ಕಟ್ಟಿದ್ದು ನೀನು?"

ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಎದುರು ಮನೆಯೋನ ಹೆಸರು ಮತ್ತೆ ಹೇಳಬಹುದಿತ್ತು, ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಕಾರು ತೆಗೆಯುವ ಹೊತ್ತಿಗೆ ಅವಳು ಒಳ್ಳೆ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದಳು. "ನಡಿ" ಅಂದಳು, ಅಷ್ಟೇ. ಗಂಟು ಇದ್ದಲ್ಲೇ ಇತ್ತು. ಹರಿಹರದವರೆಗೂ ಪ್ರತಿ ಹಂಪಿನಲ್ಲಿ ಕರಕರ ಅಂದಾಗ ಇಬ್ಬರೂ ರಸ್ತೆಯನ್ನೇ ನೋಡುತ್ತಿದ್ದೆವು.

ಶೆಡ್ಡಿನ ಮುಂದೆ ತಗ್ಗಿಸಿದ ಕಾರುಗಳ ಸಾಲೇ ನಿಂತಿತ್ತು. ಗೆಳೆಯ ಜಾಕು, ಬೋಲ್ಟು ಬಿಚ್ಚುವ ಪಾನ ಎಲ್ಲ ಒಂದು ಗೋಣಿತಟ್ಟಿನ ಮೇಲೆ ಜೋಡಿಸಿಟ್ಟುಕೊಂಡಿದ್ದ. ನನ್ನ ಕಡೆ ನೋಡಲಿಲ್ಲ. ಅಮ್ಮನನ್ನು ನೋಡಿ ಗಲಿಬಿಲಿಯಾಗಿ ಒಳಗಿಂದ ಕುರ್ಚಿ ತಂದು ಹಾಕಿದ. "ಬರ್ರಿ ಅಮ್ಮ, ಕೂಡ್ರಿ. ಇವತ್ತೇ ಬರ್ಬೇಕಿತ್ತಾ ನೀವು?" ಅವಳು ಕೂರಲಿಲ್ಲ.

ಬಿಳಿ ಕಾರಿನವನು ನನ್ನ ಕೈಯಿಂದ ಕೀ ತೆಗೆದುಕೊಂಡು ತಾನೇ ಕೂತು ಸ್ಟೇರಿಂಗ್ ತಿರುಗಿಸಿದ. ಈ ಸಲ ಸದ್ದು ಸ್ವಲ್ಪವೂ ಸಂಕೋಚ ಪಡಲಿಲ್ಲ. ಹುಡುಗರು "ಓಹೋ" ಅಂದರು. ಒಬ್ಬ, "ಗಿರಣಿ ಹಾಕ್ಯಾನಲೇ ಒಳಗೆ" ಅಂದ. ಇನ್ನೊಬ್ಬ, "ರಾಗಿ ತರ್ಬೇಕಿತ್ತು" ಅಂದ. ಗೆಳೆಯ ಜಾಕಿಗೆ ಕೈ ಹಾಕಿದ. ಅವನ ಕಿವಿ ಕೆಂಪಾಗಿತ್ತು.

"ತಡೀಪ್ಪ" ಅಂದಳು ಅಮ್ಮ.

ಎಲ್ಲರೂ ತಿರುಗಿದರು. ಅವಳು ಬಳೆಗಳನ್ನು ಮೇಲಕ್ಕೆ ಸರಿಸಿ, ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸಂದಿಯೊಳಗೆ ಕೈ ಬಿಟ್ಟಳು. ಕಣ್ಣು ಎಲ್ಲೋ ದೂರ ನೋಡುತ್ತಿತ್ತು, ಬೆರಳು ಮಾತ್ರ ಒಳಗೆ ಹುಡುಕುತ್ತಿತ್ತು. ಎಳೆದಳು. ಕರಿ ದಾರ ಹರಿದು ಬಂತು, ಅದರ ಹಿಂದೆ ಹರಿದ ಕರಿ ಬಟ್ಟೆ, ಅದರಿಂದ ಪಟಿಕದ ಚೂರುಗಳು, ಒಡೆದ ಕವಡೆ. ಗೋಣಿತಟ್ಟಿನ ಮೇಲೆ ಸುರಿದಳು.

"ಕಟ್ಟಿದ್ದು ನಾನು. ಇವನಿಗೂ ಗೊತ್ತಿರ್ಲಿಲ್ಲ. ಈ ಹುಡುಗನ ಕೆಲಸದಾಗ ಏನೂ ತಪ್ಪಿಲ್ಲ."

ಬಿಳಿ ಕಾರಿನವನು ಒಂದು ಚೂರು ಎತ್ತಿ ಮೂಸಿ, ಬೆರಳಲ್ಲಿ ತಿಕ್ಕಿ, ಕೊನೆಗೆ ಕೇಳಿದ: "ಅಮ್ಮಾರೆ, ಇದನ್ನ ಬಂಪರಿಗೆ ಕಟ್ಟೋದಲ್ವಾ?"

"ಬಂಪರಿಗೇ ಕಟ್ಟಿದ್ದೆ. ಇವನು ಕತ್ತರಿಸಿ ಒಗದ. ಮ್ಯಾಲೆ ಭಾಷಣ ಬೇರೆ ಮಾಡಿದ."

ಹುಡುಗರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಗದೆ ಇದ್ದವನು ಗೆಳೆಯ ಒಬ್ಬನೇ. ಅವನು ಅಮ್ಮನ ಮುಂದೆ ಕೂತು, ನಮ್ಮಿಬ್ಬರಿಗೆ ಮಾತ್ರ ಕೇಳುವಂತೆ, "ಅಮ್ಮ, ಯಾರ ಕಣ್ಣಿಗೆ ಅಂತ ಕಟ್ಟಿದ್ರಿ? ನಂದಾ?" ಅಂದ.

"ನಿನ್ನ ಕೈಗೆ ಕಟ್ಟಿದ್ದು ಕಣೋ. ನಿನ್ನ ಮೊದಲನೇ ಕೆಲಸ. ಊರೋರು ಬಗ್ಗಿ ಬಗ್ಗಿ ನೋಡ್ತಿದ್ರು. ನಿನ್ನ ಕೈಗೆ ದೃಷ್ಟಿ ಆಗಬಾರ್ದು ಅಂತ."

ಅವನ ಮುಖ ಸಡಿಲವಾಯಿತು. ತಲೆ ತಗ್ಗಿಸಿ ಪಟಿಕದ ಚೂರುಗಳನ್ನು ಒಂದೊಂದೇ ಆರಿಸತೊಡಗಿದ. ಅಮ್ಮ ನನ್ನ ಕಡೆ ನೋಡಲಿಲ್ಲ. ಈ ಉತ್ತರ ಶನಿವಾರ ಬೆಳಿಗ್ಗೆ ತಟ್ಟೆ ಎತ್ತುವಾಗ ಅವಳ ಬಾಯಿಗೆ ಯಾಕೆ ಬರಲಿಲ್ಲ? ಅದು ಮೊದಲಿನಿಂದ ಇದ್ದ ಕಾರಣವೋ, ಆವರಗೆರೆಯಿಂದ ಹರಿಹರದ ನಡುವೆ ಯಾವುದೋ ಹಂಪಿನಲ್ಲಿ ಹೊಳೆದದ್ದೋ? ನನಗೆ ಇವತ್ತಿಗೂ ಅನುಮಾನವಿದೆ. ಕೇಳಿಲ್ಲ. ಗೆಳೆಯ ನಂಬಿದ, ಅಲ್ಲಿಗೆ ಅದು ಸಾಕಿತ್ತು.

ಬಿಳಿ ಕಾರಿನವನು ಮತ್ತೆ ಸ್ಟೇರಿಂಗ್ ತಿರುಗಿಸಿದ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ. ಹಂಪ್ ಹತ್ತಿಸಿದ, ಇಳಿಸಿದ, ಹಿಂದಕ್ಕೆ ಬಂದು ಮತ್ತೆ ಹತ್ತಿಸಿದ. ಮಲೆಬೆನ್ನೂರಿನ ಕಡೆಯಿಂದ ಬರುತ್ತಿದ್ದ ಟ್ರ್ಯಾಕ್ಟರಿನವನು ದಾರಿ ಬಿಡಿ ಅಂತ ಹಾರ್ನ್ ಹೊಡೆದ. ಕಾರಿನಿಂದ ಸದ್ದೇ ಇಲ್ಲ. ಬಿಳಿ ಕಾರಿನವನು ಇಳಿದು ಕೀಯನ್ನು ನನಗಲ್ಲ, ಗೆಳೆಯನಿಗೆ ಕೊಟ್ಟ. "ಬರೋ ವಾರ ನನ್ನ ಗಾಡಿ ತರ್ತೀನಿ."

"ತರ್ರಿ" ಅಂದ ಗೆಳೆಯ. ಈಗ ಬಾಯಿ ಬಂದಿತ್ತು. "ಅದಕ್ಕೂ ಮೊದ್ಲು ನಿಮ್ಮ ಮನೇಲಿ ಅಮ್ಮಾರನ್ನ ಕೇಳ್ಕೊಂಡ್ ಬರ್ರಿ. ಏನಾದ್ರೂ ಕಟ್ಯಾರಾ, ಎಲ್ಲಿ ಕಟ್ಯಾರೆ ಅಂತ. ಇನ್ನು ಮ್ಯಾಲೆ ಈ ಶೆಡ್ಡಿನಾಗ ಮೊದಲನೇ ಚೆಕಪ್ಪು ಅದೇ."

ನನ್ನ ಹತ್ತಿರ ಬಂದು ಅಂಗೈ ಚಾಚಿದ. ಕೈ ಕುಲುಕಬೇಕು ಅಂತ ನಾನೂ ಚಾಚಿದೆ. "ಅದಲ್ಲಲೇ. ಆ ವೈಟ್‌ನರ್ ಕೊಡು." ಕೊಟ್ಟೆ. ಅದು ಈಗಲೂ ಅವನ ಪಾನಗಳ ಪಕ್ಕದಲ್ಲಿದೆ. ಬಿಚ್ಚಿ ಬಿಗಿ ಮಾಡಿದ ಬೋಲ್ಟಿಗೆಲ್ಲ ಅವನೇ ಬಿಳಿ ಗೆರೆ ಎಳೆದು, ಬಂದವರಿಗೆ ತೋರಿಸಿ ಕಳಿಸುತ್ತಾನೆ. ನನ್ನ ಕಾರಿಗೆ ಮಾತ್ರ ಎಳೆಯುವುದಿಲ್ಲ. "ನಿನಗೆ ಬ್ಯಾಡ, ನೀನು ನನ್ನ ನಂಬ್ತೀಯಲ್ಲ" ಅನ್ನುತ್ತಾನೆ. ಅದು ಕ್ಷಮೆಯೋ ಚುಚ್ಚೋ ಅಂತ ಇನ್ನೂ ತೀರ್ಮಾನವಾಗಿಲ್ಲ.

ಹೊರಡುವಾಗ ಅವನು ಬಂಪರಿನ ಹಿಂದೆ, ಗಾಡಿ ಎಳೆಯುವ ಕೊಕ್ಕೆಯನ್ನು ಅಮ್ಮನಿಗೆ ತೋರಿಸಿದ. "ಇಲ್ಲಿ ಕಟ್ರಿ ಅಮ್ಮ. ಇಲ್ಲಿ ಏನೂ ತಿರುಗಲ್ಲ, ಏನೂ ಕುಣಿಯಲ್ಲ. ಯಾರ ಕಣ್ಣಿಗೂ ಕಾಣಲ್ಲ." ಅಮ್ಮ ಸೆರಗಿನ ಗಂಟಿನಿಂದ ಹೊಸ ದೃಷ್ಟಿ ಗಂಟನ್ನು ತೆಗೆದಳು. ಬರುವಾಗಲೇ ತಂದಿದ್ದಳು. ಕಣ್ಣಿಗೆ ಕಾಣದ ಜಾಗದಲ್ಲಿ ಕಟ್ಟಿದ್ದು ಕಣ್ಣನ್ನು ಹೇಗೆ ತಡೆಯುತ್ತದೆ ಅಂತ ನಾನು ಕೇಳಬಹುದಿತ್ತು. ಎದುರಿಗೆ ಇಬ್ಬರಿದ್ದರು, ತೀರ್ಪುಗಾರರಿರಲಿಲ್ಲ. ಬಿಟ್ಟೆ.

ಅದಾದ ಮೇಲೆ ಬಂದ ಮೊದಲ ಅಮಾವಾಸ್ಯೆಯ ಬೆಳಿಗ್ಗೆ, ಕಪ್ಪು ಚುಕ್ಕಿ ನೋಡಿಕೊಂಡೇ ಬೇಗ ಎದ್ದೆ. ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಎಡಗಡೆಯ ಕಮಾನಿನೊಳಗೆ ಕೈ ಬಿಟ್ಟೆ. ಕೈ ಮಣಿಕಟ್ಟಿನವರೆಗಷ್ಟೇ ಹೋಯಿತು. ಎದುರು ಮನೆಯವನು ಬಾಯಲ್ಲಿ ಬ್ರಷ್ ಇಟ್ಟುಕೊಂಡು ನೋಡುತ್ತಿದ್ದ. ಹಿಂದಿನಿಂದ ಬಾಗಿಲು ತೆರೆದ ಸದ್ದು.

"ಏನ್ ಹುಡುಕ್ತಿ?"

"ಏನಿಲ್ಲ."

ಅಮ್ಮ ಹೊಸ್ತಿಲಿಗೆ ನೀರು ಹಾಕುತ್ತ, "ಅಲ್ಲಿ ಕಟ್ಟಿಲ್ಲ ಬಿಡು" ಅಂದಳು.

ನಾನು ಎದ್ದು, ಕೈ ಕೊಡವಿಕೊಂಡು, ಬಲಗಡೆಯ ಚಕ್ರಕ್ಕೆ ಹೋದೆ.